ಹರಿವಿನಲ್ಲಿ ನ್ಯೂಟ್ರೋಫಿಲ್ ಹೇಗೆ ನಿಲ್ಲುತ್ತದೆ: ಫ್ಲೋ ಚೇಂಬರ್ ಪ್ರಯೋಗ, ಹೊಕ್ಕುಳಬಳ್ಳಿಯಿಂದ ಎಣಿಕೆಯವರೆಗೆ

ಬಿಳಿ ರಕ್ತಕಣಗಳು ರಕ್ತನಾಳದ ಒಳಗೋಡೆಗೆ ಎಷ್ಟು ಅಂಟುತ್ತವೆ ಎಂದು ಅಳೆಯಲು ಒಂದು ಸುಲಭದ ದಾರಿ ಇದೆ. 96 ಗುಳಿಗಳ ಪ್ಲೇಟಿನಲ್ಲಿ ಆ ಒಳಗೋಡೆಯ ಎಂಡೋಥೀಲಿಯಲ್ ಕೋಶಗಳನ್ನು ಬೆಳೆಸಿ, ಹೊಳೆಯುವ ಬಣ್ಣ ತುಂಬಿಸಿದ ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳನ್ನು ಮೇಲೆ ಹಾಕಿ, ಅರ್ಧ ಗಂಟೆ ಬಿಟ್ಟು ತೊಳೆದು, ಉಳಿದ ಹೊಳಪನ್ನು ರೀಡರಿಗೆ ಕೊಡುವುದು. ಒಂದು ಮಧ್ಯಾಹ್ನದಲ್ಲಿ ಅಂಕಿ ಕೈಗೆ ಬರುತ್ತದೆ. ಆದರೆ ಆ ಅಂಕಿಯಲ್ಲಿ, ಹರಿವ ಕಣವನ್ನು ಮೊದಲು ಹಿಡಿಯುವ ಸೆಲೆಕ್ಟಿನ್ ಎಂಬ ಅಂಟು ಅಣುಗಳ ಕೆಲಸ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ನಿಂತ ದ್ರವದಲ್ಲಿ ಕಣ ತಾನಾಗಿಯೇ ತಳಕ್ಕಿಳಿದು ಕೂರುತ್ತದೆ, ಅದನ್ನು ಹಿಡಿದು ವೇಗ ತಗ್ಗಿಸುವ ಅಣು ಬೇಕಾಗುವುದಿಲ್ಲ. ಮೈಯೊಳಗೆ ಹಾಗಿಲ್ಲ. ಉರಿಯೂತ ಇರುವ ಕಡೆಯ ಸಣ್ಣ ಅಭಿಧಮನಿಗಳಲ್ಲಿ ರಕ್ತ ಹರಿಯುತ್ತಲೇ ಇರುತ್ತದೆ. ಮೊದಲು ಸೆಲೆಕ್ಟಿನ್ ಹಿಡಿದು ಕಣವನ್ನು ಉರುಳಿಸುತ್ತದೆ, ಕಣವನ್ನು ಕರೆಯುವ ಕೀಮೋಕೈನ್ ಎಂಬ ಪ್ರೋಟೀನು ಸಂಕೇತ ಕೊಡುತ್ತದೆ, ಆಮೇಲೆ ಕಣದ ಮೇಲ್ಮೈಯ ಇಂಟಿಗ್ರಿನ್ ಎಂಬ ಅಂಟು ಅಣು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಈ ಸರದಿಯನ್ನು ಲಾರೆನ್ಸ್ ಮತ್ತು ಸ್ಪ್ರಿಂಗರ್ 1991ರಲ್ಲಿ ಶುದ್ಧ ಪ್ರೋಟೀನುಗಳ ಮೇಲೆ ನ್ಯೂಟ್ರೋಫಿಲ್ ಹರಿಸಿ ತೋರಿಸಿದರು. ಸೆಲೆಕ್ಟಿನ್ ಮಾತ್ರ ಇದ್ದರೆ ಕಣ ಉರುಳುತ್ತಲೇ ಹೋಗುತ್ತದೆ. ಜೊತೆಗೆ ಇಂಟಿಗ್ರಿನ್ ಕಚ್ಚಿಕೊಳ್ಳುವ ಐಕ್ಯಾಮ್-1 ಪ್ರೋಟೀನು ಇದ್ದು, ಕಣ ಚುರುಕುಗೊಂಡರೆ ಮಾತ್ರ ನಿಲ್ಲುತ್ತದೆ. ಹಾಗಾಗಿ ಅಂಟು ಅಣುಗಳ ಬಗ್ಗೆ ಏನಾದರೂ ಹೇಳಬೇಕೆಂದರೆ ಹರಿವಿನಲ್ಲೇ, ಅಂದರೆ ಕೋಶ ಹಾಸಿದ ಕಿರುಕಾಲುವೆಯಲ್ಲಿ (ಫ್ಲೋ ಚೇಂಬರ್) ಕಣ ಹರಿಸಿ ನೋಡಬೇಕು ಎಂಬುದು ನಮ್ಮ ನಿಲುವು. ಪ್ಲೇಟಿನ ಪ್ರಯೋಗ ಔಷಧಗಳ ಮೊದಲ ಜರಡಿಗೆ ಸಾಕು, ಅದರಾಚೆಗೆ ಅಲ್ಲ.

ಗೋಡೆಯ ಕೋಶಗಳನ್ನು ಹೊಕ್ಕುಳಬಳ್ಳಿಯ ಅಭಿಧಮನಿಯಿಂದ ತೆಗೆಯುತ್ತೇವೆ, ಹಾಗಾಗಿ ಕೆಲಸ ಶುರುವಾಗುವುದು ಹೆರಿಗೆ ಕೋಣೆಯಿಂದ. ಸಂಸ್ಥೆಯ ಎಥಿಕ್ಸ್ ಸಮಿತಿಯ ಒಪ್ಪಿಗೆ ಮೊದಲೇ ಇರಬೇಕು, ತಾಯಿಯ ಸಹಿ ಹೆರಿಗೆಗೆ ಮುಂಚೆ ಆಗಬೇಕು, ನೋವು ಶುರುವಾದ ಮೇಲೆ ಕಾಗದ ಹಿಡಿದು ಹೋಗುವುದು ತರವಲ್ಲ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ನೆಗೆಟಿವ್ ಬಂದಿರುವ ತಾಯಂದಿರ ಬಳ್ಳಿಯನ್ನಷ್ಟೇ ತೆಗೆದುಕೊಳ್ಳುತ್ತೇವೆ. ಹಾಗಿದ್ದರೂ ಕೈಗವಸು, ಹುಡ್ ಬಿಡುವಂತಿಲ್ಲ. ಬಳ್ಳಿ ಕನಿಷ್ಠ 15 ಸೆಂ.ಮೀ. ಉದ್ದ ಇರಬೇಕು, ಕ್ಲ್ಯಾಂಪ್ ಹಾಕಿ ಜಜ್ಜಿದ ಭಾಗವನ್ನು ಕತ್ತರಿಸಿ ಎಸೆಯಬೇಕು. ಆಂಟಿಬಯಾಟಿಕ್ ಹಾಕಿದ ಸ್ಟೆರೈಲ್ ಬಫರಿನಲ್ಲಿ 4 ಡಿಗ್ರಿಯಲ್ಲಿ ಇಟ್ಟರೆ 24 ಗಂಟೆಯ ತನಕ ಕೆಲಸಕ್ಕೆ ಬರುತ್ತದೆ. ಬಳ್ಳಿ ಬರುವ ಹೊತ್ತು ಯಾರ ಕೈಯಲ್ಲೂ ಇಲ್ಲದ್ದರಿಂದ ಇದೊಂದು ಅನುಕೂಲ.

ಅಡ್ಡ ಕತ್ತರಿಸಿದರೆ ಮೂರು ರಂಧ್ರ ಕಾಣುತ್ತವೆ. ದಪ್ಪ ಗೋಡೆಯ, ಮುದುಡಿಕೊಂಡ ಸಣ್ಣವು ಎರಡು ಅಪಧಮನಿಗಳು; ತೆಳು ಗೋಡೆಯ, ಬಾಯಗಲಿಸಿದ ದೊಡ್ಡದು ಅಭಿಧಮನಿ. ಆ ದೊಡ್ಡದಕ್ಕೆ ಮೊಂಡು ಸೂಜಿ ತೂರಿಸಿ, ದಾರದಿಂದ ಬಿಗಿದು, ರಕ್ತ ಪೂರ್ತಿ ಹೋಗುವ ತನಕ ಬಫರ್ ಹಾಯಿಸಬೇಕು. ಪಕ್ಕದಲ್ಲೆಲ್ಲೋ ಬಫರ್ ಜಿನುಗಿದರೆ ಆ ಜಾಗದಲ್ಲಿ ಸೂಜಿ ಚುಚ್ಚಿದ ಗುರುತಿರುತ್ತದೆ, ಅಲ್ಲಿಗೆ ಕ್ಲ್ಯಾಂಪ್ ಹಾಕಿ. ಆಮೇಲೆ ಮಿಲಿಲೀಟರಿಗೆ 1 ಮಿ.ಗ್ರಾಂ. ಕೋಶಗಳನ್ನು ಗೋಡೆಯಿಂದ ಬಿಡಿಸುವ ಕೊಲಾಜಿನೇಸ್ ಕಿಣ್ವ ತುಂಬಿಸಿ 37 ಡಿಗ್ರಿಯಲ್ಲಿ 10ರಿಂದ 15 ನಿಮಿಷ ಇಡಬೇಕು. ಹೆಚ್ಚು ಹೊತ್ತು ಬಿಟ್ಟರೆ ಕೆಳಗಿನ ನಯಸ್ನಾಯು ಕೋಶಗಳೂ ಫೈಬ್ರೋಬ್ಲಾಸ್ಟ್‌ಗಳೂ ಕಿತ್ತು ಬರುತ್ತವೆ. ಅವು ವೇಗವಾಗಿ ಬೆಳೆದು ವಾರದೊಳಗೆ ಫ್ಲಾಸ್ಕನ್ನು ಆಕ್ರಮಿಸುತ್ತವೆ. ಕಡಿಮೆ ಹೊತ್ತಾದರೆ ಇಳುವರಿ ಇಲ್ಲ. ಕೊಲಾಜಿನೇಸ್‌ನ ಬಲ ಲಾಟಿನಿಂದ ಲಾಟಿಗೆ ಬೇರೆ. ಹೊಸ ಬಾಟಲಿ ಬಂದಾಗ ಒಂದೇ ಬಳ್ಳಿಯನ್ನು ಎರಡು ತುಂಡು ಮಾಡಿ 10 ಮತ್ತು 15 ನಿಮಿಷ ಎರಡನ್ನೂ ನೋಡಿಕೊಳ್ಳುವುದು ಜಾಣತನ. ಬಳ್ಳಿಯನ್ನು ಬೆರಳಿನಿಂದ ಮೆಲ್ಲಗೆ ನೀವಿ, ಒಳಗಿನದನ್ನು ಟ್ಯೂಬಿಗೆ ಹಾಯಿಸಿ, 250 ಜಿ ವೇಗದಲ್ಲಿ 5 ನಿಮಿಷ ತಿರುಗಿಸಿ, ಜೆಲಾಟಿನ್ ಲೇಪಿಸಿದ ಫ್ಲಾಸ್ಕಿಗೆ ಹಾಕುತ್ತೇವೆ. ಮರುದಿನ ಮೀಡಿಯಂ ಬದಲಿಸಿದಾಗ ಕೆಂಪು ರಕ್ತಕಣಗಳು ತೊಳೆದು ಹೋಗುತ್ತವೆ. ಕೋಶಗಳು ತುಂಬಿಕೊಂಡಾಗ ಕಲ್ಲುಹಾಸಿನಂತೆ ಒಂದಕ್ಕೊಂದು ಒತ್ತಿಕೊಂಡು ಕಾಣಬೇಕು. ಉದ್ದುದ್ದ ಎಳೆಗಳಾಗಿ ಸುಳಿ ಸುತ್ತಿದ್ದರೆ ಅದು ಫೈಬ್ರೋಬ್ಲಾಸ್ಟ್, ಆ ಫ್ಲಾಸ್ಕನ್ನು ಬಿಸಾಡಿ.

ಪ್ರಯೋಗಕ್ಕೆ ಎರಡರಿಂದ ನಾಲ್ಕನೇ ಪ್ಯಾಸೇಜಿನ (ಕೋಶಗಳನ್ನು ಎಬ್ಬಿಸಿ ಹೊಸ ಫ್ಲಾಸ್ಕಿಗೆ ಹಾಕಿದ ಸರದಿ) ಕೋಶ ಮಾತ್ರ. ಅದರಾಚೆಗೂ ಅವು ಚೆನ್ನಾಗಿಯೇ ಬೆಳೆಯುತ್ತವೆ, ನೋಡಲೂ ಸರಿಯಾಗಿರುತ್ತವೆ, ಆದರೆ ಉರಿಯೂತ ಎಬ್ಬಿಸುವ ಟಿಎನ್‌ಎಫ್ ಎಂಬ ಪ್ರೋಟೀನಿಗೆ ಉತ್ತರ ಕೊಡುವುದು ಮಂಕಾಗುತ್ತದೆ. ಒಂದೇ ಬಳ್ಳಿಯನ್ನು ನಂಬಿದರೆ ಒಬ್ಬ ಮಗುವಿನ ಜೀನ್‌ಗಳ ಕಥೆ ಬರೆದಂತಾಗುತ್ತದೆ. ಮೂರ್ನಾಲ್ಕು ಬಳ್ಳಿಗಳ ಕೋಶ ಬೆರೆಸಿ, ಮೊದಲ ಪ್ಯಾಸೇಜಿನಲ್ಲೇ ದ್ರವ ಸಾರಜನಕಕ್ಕೆ ಇಳಿಸಿಟ್ಟರೆ ತಿಂಗಳುಗಟ್ಟಲೆ ಒಂದೇ ಸಾಮಗ್ರಿ ಕೈಯಲ್ಲಿರುತ್ತದೆ.

ನಾವು ಬಳಸುವ ಫ್ಲೋ ಚೇಂಬರಿನ ಚಾನೆಲ್ (ಕಿರುಕಾಲುವೆ) 0.4 ಮಿ.ಮೀ. ಎತ್ತರ, 3.8 ಮಿ.ಮೀ. ಅಗಲ, ಒಂದು ಸ್ಲೈಡಿಗೆ ಆರು. ಒಂದು ಚಾನೆಲ್ ಹಿಡಿಯುವುದು ಬರೀ 30 ಮೈಕ್ರೋಲೀಟರ್. ಫೈಬ್ರೋನೆಕ್ಟಿನ್ ಲೇಪಿಸಿ, ಮಿಲಿಲೀಟರಿಗೆ 15ರಿಂದ 20 ಲಕ್ಷ ಕೋಶ ಇರುವ ದ್ರಾವಣವನ್ನು ಒಂದೇ ಒತ್ತಿಗೆ ತುಂಬಿಸಬೇಕು. ನಡುವೆ ತಡೆದರೆ ಗುಳ್ಳೆ ಕೂತು, ಆ ಜಾಗ ಬೋಳಾಗುತ್ತದೆ. ಚಾನೆಲ್ಲಿನಲ್ಲಿ ಮೀಡಿಯಂ ತೀರಾ ಕಡಿಮೆ ಇರುವುದರಿಂದ ಎರಡು ತುದಿಯ ಬಾವಿಗಳನ್ನು ತುಂಬಿಸಿಟ್ಟು, ದಿನಕ್ಕೆ ಎರಡು ಸಲ ಬದಲಿಸಬೇಕು. ಬದಲಿಸುವಾಗ ಬಾವಿಯದನ್ನು ಮಾತ್ರ ಹೀರಬೇಕು, ಚಾನೆಲ್ಲನ್ನು ಒಣಗಿಸಬಾರದು. ಒಂದೆರಡು ದಿನದಲ್ಲಿ ಪದರ ತುಂಬುತ್ತದೆ. ತುಂಬದ ಪದರದಲ್ಲಿ ನ್ಯೂಟ್ರೋಫಿಲ್ ಬಿರುಕಿಗೇ ಅಂಟುತ್ತದೆ, ಅದನ್ನು ಉರಿಯೂತ ಎಂದು ಎಣಿಸಿಬಿಡುವುದು ಸುಲಭ.

ಉರಿಯೂತ ಎಬ್ಬಿಸಲು ಟಿಎನ್‌ಎಫ್-ಆಲ್ಫಾ, ಮಿಲಿಲೀಟರಿಗೆ 10 ನ್ಯಾನೋಗ್ರಾಂ, 4 ಗಂಟೆ. ಈ 4 ಗಂಟೆ ಸುಮ್ಮನೆ ಬಂದದ್ದಲ್ಲ. ಇ-ಸೆಲೆಕ್ಟಿನ್ ಹೊಸದಾಗಿ ತಯಾರಾಗಿ ಮೇಲ್ಮೈಗೆ ಬಂದು 4ರಿಂದ 6 ಗಂಟೆಗೆ ತುದಿ ಮುಟ್ಟುತ್ತದೆ, 24 ಗಂಟೆಗೆ ಬಹುಪಾಲು ಇಳಿದಿರುತ್ತದೆ. ಇನ್ನೊಂದು ಅಂಟು ಅಣುವಾದ ವಿಕ್ಯಾಮ್-1 ನಿಧಾನ. ಐಕ್ಯಾಮ್-1 ಮೊದಲೇ ಸ್ವಲ್ಪ ಇದ್ದು, ಏರುತ್ತಾ ಹೋಗಿ 24 ಗಂಟೆಯಲ್ಲೂ ಎತ್ತರದಲ್ಲೇ ಇರುತ್ತದೆ. ಸಂಜೆ ಟಿಎನ್‌ಎಫ್ ಹಾಕಿ ಬೆಳಿಗ್ಗೆ ಬಂದು ಪಂಪ್ ಹಚ್ಚಿದರೆ ನಿಮ್ಮ ಮುಂದೆ ಇರುವುದು ಬೇರೆಯೇ ಗೋಡೆ. ಪಿ-ಸೆಲೆಕ್ಟಿನ್ ವಿಷಯವೇ ಬೇರೆ: ಅದು ಕೋಶದೊಳಗಿನ ವೈಬಲ್-ಪಲಾಡೆ ಕಣಜಗಳಲ್ಲಿ ಸಿದ್ಧವಾಗಿ ಕೂತಿರುತ್ತದೆ, ಹಿಸ್ಟಮಿನ್ ಅಥವಾ ಥ್ರಾಂಬಿನ್ ತಗಲಿದ ಕೆಲವೇ ನಿಮಿಷಗಳಲ್ಲಿ ಹೊರಬರುತ್ತದೆ. ಟಿಎನ್‌ಎಫ್ ಇಲಿಯ ಕೋಶಗಳಲ್ಲಿ ಅದರ ತಯಾರಿಯನ್ನು ಹೆಚ್ಚಿಸುತ್ತದೆ, ಮನುಷ್ಯರಲ್ಲಿ ಹೆಚ್ಚಿಸುವುದಿಲ್ಲ. ಇಲಿಯ ಪೇಪರ್ ಓದಿ ಹೊಕ್ಕುಳಬಳ್ಳಿಯ ಕೋಶಗಳಲ್ಲಿ ಪಿ-ಸೆಲೆಕ್ಟಿನ್ ಹುಡುಕುತ್ತಾ ಕೂರುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಟಿಎನ್‌ಎಫ್ ಅನ್ನು ಸಣ್ಣ ಪಾಲು ಮಾಡಿ ಮೈನಸ್ 80ರಲ್ಲಿಟ್ಟು, ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸದೆ ಬಳಸಬೇಕು. ಇ-ಸೆಲೆಕ್ಟಿನ್ ಬಂದಿದೆಯೇ ಎಂದು ನೋಡಲು ಟ್ರಿಪ್ಸಿನ್ ಹಾಕಿ ಕೋಶ ಎಬ್ಬಿಸಿದರೆ ಮೇಲ್ಮೈ ಪ್ರೋಟೀನೇ ತುಂಡಾಗಬಹುದು, ಆದ್ದರಿಂದ ಪಕ್ಕದ ಚಾನೆಲ್ಲಿನಲ್ಲೇ ಆಂಟಿಬಾಡಿ ಹಾಕಿ ಬಣ್ಣ ನೋಡುವುದು ಮೇಲು.

ಇನ್ನು ರಕ್ತ. ಈ ಪ್ರಯೋಗ ಕೆಡುವುದು ಹೆಚ್ಚಾಗಿ ಇಲ್ಲೇ, ಪಂಪಿನ ಬಳಿ ಅಲ್ಲ. ನ್ಯೂಟ್ರೋಫಿಲ್‌ಗೆ ಸಿಟ್ಟು ಬೇಗ. ಜೋರಾಗಿ ಪಿಪೆಟ್ ಮಾಡಿದರೆ, ವೋರ್ಟೆಕ್ಸ್ ಮೇಲಿಟ್ಟರೆ, ಬಫರಿನಲ್ಲಿ ಬ್ಯಾಕ್ಟೀರಿಯಾದ ಎಂಡೋಟಾಕ್ಸಿನ್ ಲವಲೇಶ ಇದ್ದರೂ ಅದು ಚುರುಕಾಗುತ್ತದೆ. ಚುರುಕಾದ ಕಣ ತನ್ನ ಎಲ್-ಸೆಲೆಕ್ಟಿನ್ನನ್ನು ಆ್ಯಡಮ್-17 ಎಂಬ ಕಿಣ್ವದಿಂದ ಕತ್ತರಿಸಿ ಉದುರಿಸುತ್ತದೆ, ಒಳಗಿಟ್ಟಿದ್ದ ಮ್ಯಾಕ್-1 ಇಂಟಿಗ್ರಿನ್ನನ್ನು ಮೇಲ್ಮೈಗೆ ತರುತ್ತದೆ. ಅಂಥ ಕಣ ಟಿಎನ್‌ಎಫ್ ಕಾಣದ ಗೋಡೆಗೂ, ಪ್ಲಾಸ್ಟಿಕ್ ಟ್ಯೂಬಿಗೂ, ಪಕ್ಕದ ಕಣಕ್ಕೂ ಅಂಟುತ್ತದೆ.

ಜ್ವರ, ನೆಗಡಿ ಇಲ್ಲದ, ನೋವಿನ ಮಾತ್ರೆ ತೆಗೆದುಕೊಳ್ಳದ ದಾನಿಯಿಂದ 21 ಗೇಜಿನ ಸೂಜಿಯಲ್ಲಿ, ಪಿಸ್ಟನ್ನನ್ನು ನಿಧಾನವಾಗಿ ಎಳೆದು 12 ಮಿ.ಲೀ. ರಕ್ತ ತೆಗೆಯುತ್ತೇವೆ. 15 ಮಿ.ಲೀ. ಟ್ಯೂಬಿನ ತಳಕ್ಕೆ 1.119 ಸಾಂದ್ರತೆಯ ಹಿಸ್ಟೋಪೇಕ್ (ರಕ್ತಕಣಗಳನ್ನು ಸಾಂದ್ರತೆಯಂತೆ ಬೇರ್ಪಡಿಸುವ ದ್ರವ) 3 ಮಿ.ಲೀ., ಅದರ ಮೇಲೆ ಬೆರೆಯದಂತೆ 1.077ರದ್ದು 3 ಮಿ.ಲೀ., ಅದರ ಮೇಲೆ ರಕ್ತ 6 ಮಿ.ಲೀ.; ಇಂಥವು ಎರಡು ಟ್ಯೂಬ್. 700 ಜಿ ವೇಗ, 30 ನಿಮಿಷ, ಕೋಣೆಯ ಉಷ್ಣತೆ, ಬ್ರೇಕ್ ಆಫ್. ಬ್ರೇಕ್ ಹಾಕಿದರೆ ಪದರ ಕಲಕಿ ಹೋಗುತ್ತದೆ. ಹಿಸ್ಟೋಪೇಕ್ ಫ್ರಿಜ್ಜಿನಿಂದ ತೆಗೆದ ಕೂಡಲೇ ಬಳಸಿದರೂ ಅದೇ ಗತಿ, ತಣ್ಣಗಿದ್ದಾಗ ಅದರ ಸಾಂದ್ರತೆ ಬೇರೆ. ಏಪ್ರಿಲ್-ಮೇ ತಿಂಗಳಲ್ಲಿ ಎಸಿ ಇಲ್ಲದ ಕೋಣೆಯನ್ನು ‘ಕೋಣೆಯ ಉಷ್ಣತೆ’ ಎಂದುಕೊಳ್ಳುವಂತಿಲ್ಲ. ಸೆಂಟ್ರಿಫ್ಯೂಜನ್ನೇ 20–22 ಡಿಗ್ರಿಗೆ ಹೊಂದಿಸಿ. ತಿರುಗಿ ನಿಂತ ಮೇಲೆ ಎರಡು ಬಿಳಿ ಉಂಗುರ ಕಾಣುತ್ತವೆ. ಮೇಲಿನದು ಲಿಂಫೋಸೈಟ್ ಮತ್ತು ಮಾನೋಸೈಟ್, ಎರಡು ಹಿಸ್ಟೋಪೇಕ್‌ಗಳ ಗಡಿಯಲ್ಲಿರುವ ಕೆಳಗಿನದು ನಮಗೆ ಬೇಕಾದದ್ದು. ಮೇಲಿನ ಉಂಗುರವನ್ನು ಮೊದಲು ತೆಗೆದು ಎಸೆದು, ಹೊಸ ಪಿಪೆಟ್ ಹಾಕಿಕೊಂಡು ಕೆಳಗಿನದನ್ನು ಎತ್ತಬೇಕು.

ಜೊತೆಗೆ ಬಂದ ಕೆಂಪು ಕಣಗಳನ್ನು ಒಡೆಯಲು 0.2 ಶೇಕಡಾ ಉಪ್ಪುನೀರು 30 ಸೆಕೆಂಡು, ಕೂಡಲೇ ಅಷ್ಟೇ ಪ್ರಮಾಣದ 1.6 ಶೇಕಡಾ ಉಪ್ಪುನೀರು. ಇಲ್ಲಿ ಗಡಿಯಾರ ನೋಡಿಕೊಂಡೇ ಮಾಡಬೇಕು, 30 ಸೆಕೆಂಡು ಒಂದು ನಿಮಿಷವಾದರೆ ನ್ಯೂಟ್ರೋಫಿಲ್‌ಗಳೂ ಊದಿಕೊಂಡು ಒಡೆದು, ಹೊರಬಂದ ಡಿಎನ್‌ಎಯಿಂದ ಎಲ್ಲವೂ ಲೋಳೆಗಟ್ಟುತ್ತದೆ. ಲೀಶ್‌ಮನ್ ಬಣ್ಣದಲ್ಲಿ 95 ಶೇಕಡಾಕ್ಕಿಂತ ಹೆಚ್ಚು ನ್ಯೂಟ್ರೋಫಿಲ್ ಕಾಣಬೇಕು. ಐಸ್ ಮೇಲೆ ಇಡಬೇಕೆ ಬೇಡವೆ ಎಂಬ ಜಗಳ ಪ್ರತಿ ಲ್ಯಾಬಿನಲ್ಲೂ ಇದೆ. ತಣಿಸಿ ಮತ್ತೆ ಬಿಸಿ ಮಾಡಿದಾಗ ಮ್ಯಾಕ್-1 ಮೇಲ್ಮೈಗೆ ಏರುತ್ತದೆ, ಹಾಗಾಗಿ ನಾವು ಐಸ್ ಬಿಟ್ಟು ಕೋಣೆಯ ಉಷ್ಣತೆಯಲ್ಲೇ ಇಟ್ಟು, ಎರಡು ಮೂರು ಗಂಟೆಯೊಳಗೆ ಬಳಸಿ ಮುಗಿಸುತ್ತೇವೆ.

ಕ್ಯಾಲ್ಸಿಯಂ ಬಗ್ಗೆ ಒಂದು ಮಾತು. ತಯಾರಿಯ ಉದ್ದಕ್ಕೂ ಬಫರಿನಲ್ಲಿ ಕ್ಯಾಲ್ಸಿಯಂ ಇರಬಾರದು, ಇದ್ದರೆ ಕಣಗಳು ಗಡ್ಡೆ ಕಟ್ಟುತ್ತವೆ. ಆದರೆ ಚೇಂಬರಿಗೆ ಹೋಗುವಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡೂ ತಲಾ 1 ಮಿಲಿಮೋಲಾರ್ ಆದರೂ ಇರಲೇಬೇಕು. ಸೆಲೆಕ್ಟಿನ್ ಸಕ್ಕರೆಯನ್ನು ಹಿಡಿಯುವುದೇ ಕ್ಯಾಲ್ಸಿಯಂ ಮೂಲಕ, ಇಂಟಿಗ್ರಿನ್ನಿಗೆ ಮೆಗ್ನೀಸಿಯಂ ಬೇಕು. ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಹಾಕಿದ ಟ್ಯೂಬಿನಲ್ಲಿ ತೆಗೆದಿದ್ದು, ತೊಳೆದದ್ದು ಸಾಲದಿದ್ದರೆ ಆ ಇಡಿಟಿಎ ಎರಡನ್ನೂ ಕಟ್ಟಿಹಾಕುತ್ತದೆ. ಟಿಎನ್‌ಎಫ್ ಸರಿಯಿದೆ, ಕೋಶ ಸರಿಯಿದೆ, ಆದರೂ ಒಂದು ಕಣವೂ ಉರುಳುತ್ತಿಲ್ಲ ಎಂದಾದರೆ ಮೊದಲು ಅನುಮಾನಿಸಬೇಕಾದದ್ದು ಬಫರಿನ ಬಾಟಲಿಯನ್ನು. ಕ್ಯಾಲ್ಸಿಯಂ ಇರುವ ಮತ್ತು ಇಲ್ಲದ ಪಿಬಿಎಸ್ (ಫಾಸ್ಫೇಟ್ ಬಫರ್) ಬಾಟಲಿಗಳು ನೋಡಲು ಒಂದೇ ತರ.

ಹರಿವಿನ ಲೆಕ್ಕ ಕಷ್ಟವಲ್ಲ. ಗೋಡೆಯ ಮೇಲಿನ ಉಜ್ಜುಬಲ ಬೇಕೆಂದರೆ ದ್ರವದ ಸ್ನಿಗ್ಧತೆಯನ್ನು ಹರಿವಿನ ಪ್ರಮಾಣದಿಂದ ಗುಣಿಸಿ, 6ರಿಂದ ಗುಣಿಸಿ, ಚಾನೆಲ್ಲಿನ ಅಗಲ ಮತ್ತು ಎತ್ತರದ ವರ್ಗದ ಗುಣಲಬ್ಧದಿಂದ ಭಾಗಿಸಬೇಕು. ಚದರ ಸೆಂಟಿಮೀಟರಿಗೆ 1 ಡೈನ್, ಅಂದರೆ 0.1 ಪಾಸ್ಕಲ್, ನಾವು ಸಾಮಾನ್ಯವಾಗಿ ಇಡುವ ಬಲ. ಸಣ್ಣ ಅಭಿಧಮನಿಗಳಲ್ಲಿ ಇರುವುದಕ್ಕೆ ಅದು ಹತ್ತಿರ. 37 ಡಿಗ್ರಿಯಲ್ಲಿ ಬಫರಿನ ಸ್ನಿಗ್ಧತೆ 0.007 ಪಾಯ್ಸ್ ಎಂದಿಟ್ಟುಕೊಂಡರೆ ನಮ್ಮ ಚಾನೆಲ್ಲಿಗೆ ನಿಮಿಷಕ್ಕೆ ಸುಮಾರು 0.87 ಮಿ.ಲೀ. ಹರಿಸಬೇಕು. ಎತ್ತರ ವರ್ಗವಾಗಿ ಬರುವುದರಿಂದ ಅಲ್ಲಿನ ತಪ್ಪು ದುಬಾರಿ: ಗ್ಯಾಸ್ಕೆಟ್ ಇರುವ ಬಿಚ್ಚಿ ಜೋಡಿಸುವ ಚೇಂಬರಿನಲ್ಲಿ ಸ್ಕ್ರೂ ಬಿಗಿದು ಎತ್ತರ 10 ಶೇಕಡಾ ತಗ್ಗಿದರೆ ಬಲ 23 ಶೇಕಡಾ ಏರುತ್ತದೆ. ಉಷ್ಣತೆಯೂ ಹಾಗೆಯೇ. ಬಫರ್ 25 ಡಿಗ್ರಿಯಲ್ಲಿದ್ದರೆ ಅದೇ ಹರಿವಿಗೆ ಬಲ ಸುಮಾರು 30 ಶೇಕಡಾ ಹೆಚ್ಚು. ಎಣ್ಣೆ ಹಾಕುವ ಆಬ್ಜೆಕ್ಟಿವ್ ಲೆನ್ಸ್ ಸ್ಲೈಡಿಗೆ ತಾಗಿ ಶಾಖ ಹೀರಿಕೊಳ್ಳುತ್ತದೆ, ಅದನ್ನೂ ಬಿಸಿ ಮಾಡುವ ಪಟ್ಟಿ ಇಲ್ಲದಿದ್ದರೆ 10 ಅಥವಾ 20 ಪಟ್ಟಿನ ಒಣ ಲೆನ್ಸೇ ಸಾಕು.

ಪಂಪನ್ನು ತಳ್ಳಲು ಅಲ್ಲ, ಎಳೆಯಲು ಹಚ್ಚಬೇಕು. ಸಿರಿಂಜಿನಲ್ಲಿ ಕಣ ತುಂಬಿ ತಳ್ಳಿದರೆ ಅವು ಸಿರಿಂಜಿನ ತಳಕ್ಕೇ ಕೂರುತ್ತವೆ. ಎಳೆಯುವಾಗ ಕಣಗಳು ಮೇಲ್ತುದಿಯ ಟ್ಯೂಬಿನಲ್ಲಿರುತ್ತವೆ, ನಿಮಿಷಕ್ಕೊಮ್ಮೆ ಮೆಲ್ಲಗೆ ಅಲುಗಿಸಿದರಾಯಿತು. ಎಳೆತದ ಕೆಟ್ಟ ಗುಣ ಎಂದರೆ ಸಡಿಲ ಜೋಡಣೆ ಎಲ್ಲಿದ್ದರೂ ಗಾಳಿ ಒಳಬರುತ್ತದೆ. ಒಂದೇ ಒಂದು ಗುಳ್ಳೆ ಚಾನೆಲ್ಲಿನಲ್ಲಿ ಹಾದರೆ ಅದರ ಅಂಚು ಕೋಶಗಳ ಪದರವನ್ನು ಸುಲಿದು ಹಾಕುತ್ತದೆ, ಸೂಕ್ಷ್ಮದರ್ಶಕದಲ್ಲಿ ಬೋಳು ಪಟ್ಟೆ ಕಾಣುತ್ತದೆ. ಆ ಚಾನೆಲ್ ಮುಗಿಯಿತು ಎಂದೇ ಲೆಕ್ಕ. ತಣ್ಣನೆಯ ಬಫರ್ ಬಿಸಿಯಾದಾಗ ತನ್ನಲ್ಲಿ ಕರಗಿದ ಗಾಳಿಯನ್ನು ಬಿಡುತ್ತದೆ, ಆದ್ದರಿಂದ ಹಿಂದಿನ ರಾತ್ರಿಯೇ ಬಾಟಲಿಯ ಮುಚ್ಚಳ ಸಡಿಲಿಸಿ 37 ಡಿಗ್ರಿಯಲ್ಲಿ ಇಡಬೇಕು. ಟ್ಯೂಬನ್ನು ಚಾನೆಲ್ಲಿಗೆ ಸಿಕ್ಕಿಸುವಾಗ ಬಾವಿ ತುಳುಕುವಷ್ಟು ತುಂಬಿರಲಿ, ಟ್ಯೂಬಿನ ತುದಿಯಲ್ಲೂ ಒಂದು ಹನಿ ತೂಗುತ್ತಿರಲಿ. ಹನಿಗೆ ಹನಿ ಸೇರಿದಾಗ ನಡುವೆ ಗಾಳಿಗೆ ಜಾಗವಿಲ್ಲ. ಟ್ಯೂಬಿನ ಒಳವ್ಯಾಸ 0.8 ಮಿ.ಮೀ. ಇರಲಿ. 50 ಸೆಂ.ಮೀ. ಉದ್ದಕ್ಕೆ 0.25 ಮಿ.ಲೀ. ಹಿಡಿಯುತ್ತದೆ, ಕಣಗಳು ಸುಮಾರು 17 ಸೆಕೆಂಡಿನಲ್ಲಿ ಚಾನೆಲ್ ತಲುಪುತ್ತವೆ. 1.6 ಮಿ.ಮೀ. ಆದರೆ ನಾಲ್ಕು ಪಟ್ಟು ತಡ, ಆ ಹೊತ್ತಿಗೆ ಕಣಗಳು ಟ್ಯೂಬಿನಲ್ಲೇ ತಳ ಹಿಡಿಯಲು ಶುರು ಮಾಡಿರುತ್ತವೆ.

ಮೊದಲು 2 ನಿಮಿಷ ಬರೀ ಬಫರ್, ಆಮೇಲೆ ಮಿಲಿಲೀಟರಿಗೆ 10 ಲಕ್ಷದಂತೆ ನ್ಯೂಟ್ರೋಫಿಲ್ 4 ನಿಮಿಷ, ಮತ್ತೆ ಬರೀ ಬಫರ್. ಟಿಎನ್‌ಎಫ್ ಕಾಣದ ಚಾನೆಲ್ಲಿನಲ್ಲಿ ಕಣಗಳು ಸೆಕೆಂಡಿಗೆ ನೂರಾರು ಮೈಕ್ರೋಮೀಟರ್ ವೇಗದಲ್ಲಿ ಗೆರೆಗಳಂತೆ ಹಾದುಹೋಗುತ್ತವೆ, ಒಂದೊಂದನ್ನೇ ಕಣ್ಣು ಹಿಡಿಯಲಾರದು. ಟಿಎನ್‌ಎಫ್ ಕಂಡ ಚಾನೆಲ್ಲಿನಲ್ಲಿ ನೋಟವೇ ಬೇರೆ. ಗೆರೆಯಾಗಿ ಬಂದ ಕಣ ತಟ್ಟನೆ ದುಂಡಗಿನ ಹೊಳೆವ ಚುಕ್ಕೆಯಾಗುತ್ತದೆ, ಸೆಕೆಂಡಿಗೆ ಕೆಲವೇ ಮೈಕ್ರೋಮೀಟರ್ ತೆವಳುತ್ತಾ, ಒಮ್ಮೆ ತಡೆದು ಒಮ್ಮೆ ಜಾರಿ ಉರುಳುತ್ತದೆ. ಕೆಲವು ಹಾಗೇ ನಿಲ್ಲುತ್ತವೆ. ಇಲ್ಲಿ ಕೀಮೋಕೈನ್ ಹಾಕಬೇಕಿಲ್ಲ, ಟಿಎನ್‌ಎಫ್ ಕಂಡ ಗೋಡೆ ತಾನೇ ಐಎಲ್-8 ಎಂಬ ಕೀಮೋಕೈನ್ ತಯಾರಿಸಿ ಮೇಲ್ಮೈಯಲ್ಲಿ ಹಿಡಿದಿರುತ್ತದೆ. ನಿಂತ ಕಣ ಚಪ್ಪಟೆಯಾಗಿ, ಎರಡು ಕೋಶಗಳ ಸಂದಿನತ್ತ ಹರಿದು, ಕೆಳಗಿಳಿಯುತ್ತದೆ. ಫೇಸ್ ಕಾಂಟ್ರಾಸ್ಟ್‌ನಲ್ಲಿ ಮೇಲಿರುವ ಕಣ ಬೆಳ್ಳಗೆ ಹೊಳೆಯುತ್ತದೆ, ಪದರದ ಕೆಳಗೆ ಹೋದದ್ದು ಕಪ್ಪಾಗುತ್ತದೆ. ದಾಟಿದವನ್ನು ಎಣಿಸಲು ಬೇರೆ ಬಣ್ಣ ಬೇಡ.

ಯಾವ ಕೆಲಸ ಯಾವ ಅಣುವಿನದು ಎಂದು ಬಿಡಿಸಿ ನೋಡಲು ಆ ಅಣುವನ್ನು ತಡೆಯುವ ಆಂಟಿಬಾಡಿ ಬೇಕು. ಇ-ಸೆಲೆಕ್ಟಿನ್ ತಡೆದರೆ ಹಿಡಿತವೇ ಕುಸಿಯುತ್ತದೆ. ಬೀಟಾ-2 ಇಂಟಿಗ್ರಿನ್ (ಸಿಡಿ18) ತಡೆದರೆ ಕಣಗಳು ಉರುಳುತ್ತವೆ, ನಿಲ್ಲುವುದಿಲ್ಲ. ಮಿಲಿಲೀಟರಿಗೆ 10 ಮೈಕ್ರೋಗ್ರಾಂ, 15 ನಿಮಿಷ. ಎರಡು ಎಚ್ಚರಿಕೆ. ಮಾರಾಟಕ್ಕಿರುವ ಎಷ್ಟೋ ಆಂಟಿಬಾಡಿಗಳಲ್ಲಿ ಸೋಡಿಯಂ ಅಜೈಡ್ ಇರುತ್ತದೆ, ಅದು ಜೀವಂತ ಕೋಶಕ್ಕೆ ವಿಷ, ಇಲ್ಲದ್ದನ್ನೇ ಕೇಳಿ ತರಿಸಿ. ಇನ್ನೊಂದು ಸೂಕ್ಷ್ಮದ್ದು: ಗೋಡೆಗೆ ಕೂತ ಇಡೀ ಆಂಟಿಬಾಡಿಯ ಬಾಲವನ್ನು ನ್ಯೂಟ್ರೋಫಿಲ್ ತನ್ನ ಎಫ್‌ಸಿ ಗ್ರಾಹಕದಿಂದ ಹಿಡಿದುಕೊಳ್ಳಬಲ್ಲದು. ತಡೆಯಲು ಹಾಕಿದ್ದೇ ಅಂಟಿಸುವ ಗೋಂದಾಗುತ್ತದೆ. ಬಾಲ ಕತ್ತರಿಸಿದ ತುಣುಕು ಬಳಸಬೇಕು, ಜೊತೆಗೆ ಕೋಶಕ್ಕೆ ಕೂರುವ ಆದರೆ ಏನನ್ನೂ ತಡೆಯದ ಇನ್ನೊಂದು ಆಂಟಿಬಾಡಿಯನ್ನು ಹೋಲಿಕೆಗೆ ಇಡಬೇಕು.

ಇದೇ ಎರಡು ದೃಶ್ಯಗಳನ್ನು ಪ್ರಕೃತಿಯೂ ತೋರಿಸಿದೆ. ಬಿಳಿ ಕಣಗಳು ಗೋಡೆಗೆ ಅಂಟಲಾರದ ಹುಟ್ಟು ಕಾಯಿಲೆ ಎಲ್‌ಎಡಿ-1 ಇರುವ ಮಕ್ಕಳಲ್ಲಿ ಸಿಡಿ18 ಕಟ್ಟುವ ಐಟಿಜಿಬಿ2 ಜೀನ್ ಕೆಟ್ಟಿರುತ್ತದೆ. ಹೊಕ್ಕುಳಬಳ್ಳಿ ಉದುರುವುದು ತಡವಾಗುತ್ತದೆ, ರಕ್ತದಲ್ಲಿ ಬಿಳಿ ಕಣ ವಿಪರೀತ, ಗಾಯದಲ್ಲಿ ಮಾತ್ರ ಕೀವಿಲ್ಲ. ಅವರ ನ್ಯೂಟ್ರೋಫಿಲ್ ಉರುಳುತ್ತದೆ, ನಿಲ್ಲಲಾರದು. 1992ರಲ್ಲಿ ವರದಿಯಾದ ಎಲ್‌ಎಡಿ-2ರಲ್ಲಿ ಫ್ಯೂಕೋಸ್ ಸಕ್ಕರೆಯನ್ನು ಸಾಗಿಸುವ ವ್ಯವಸ್ಥೆ ಕೆಟ್ಟು ಸೆಲೆಕ್ಟಿನ್ ಹಿಡಿಯಬೇಕಾದ ಸಕ್ಕರೆಯೇ ಇಲ್ಲ, ಉರುಳುವುದೂ ಇಲ್ಲ. ಆ ಮಕ್ಕಳ ರಕ್ತಗುಂಪು ಬಾಂಬೆ ಮಾದರಿಯದ್ದು, ಅದಕ್ಕೂ ಫ್ಯೂಕೋಸ್ ಇಲ್ಲದಿರುವುದೇ ಕಾರಣ. ಹಾಗೆಂದು ನಮ್ಮ ಕಡೆ ಅಲ್ಲಲ್ಲಿ ಸಿಗುವ ಸಾಮಾನ್ಯ ಬಾಂಬೆ ಗುಂಪಿನವರಿಗೆ ಈ ಕಾಯಿಲೆ ಇಲ್ಲ. ಅವರಲ್ಲಿ ಇಲ್ಲದ್ದು ರಕ್ತಗುಂಪಿನ ಎಚ್ ಗುರುತಿಗೆ ಸಕ್ಕರೆ ಸೇರಿಸುವ ಕಿಣ್ವ ಮಾತ್ರ.

ಔಷಧದ ಕಡೆಯಿಂದ ನೋಡಿದರೆ ಈ ಅಣುಗಳನ್ನು ತಡೆಯುವುದು ಎರಡು ಅಲುಗಿನ ಕತ್ತಿ. ಆಲ್ಫಾ-4 ಇಂಟಿಗ್ರಿನ್ ತಡೆಯುವ ನಟಾಲಿಜುಮ್ಯಾಬ್ 2004ರಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ಬಂತು, ಮಿದುಳಿನ ಪಿಎಂಎಲ್ ಸೋಂಕು ಕಾಣಿಸಿ 2005ರಲ್ಲಿ ಹಿಂದೆ ಸರಿಯಿತು, ಕಟ್ಟುಪಾಡಿನೊಂದಿಗೆ 2006ರಲ್ಲಿ ಮರಳಿತು. ಎಲ್‌ಎಫ್‌ಎ-1 ಎಂಬ ಇಂಟಿಗ್ರಿನ್ ತಡೆಯುವ ಎಫಾಲಿಜುಮ್ಯಾಬ್ ಅದೇ ಸೋಂಕಿನಿಂದ 2009ರಲ್ಲಿ ಮಾರುಕಟ್ಟೆ ಬಿಟ್ಟಿತು. ಬೆಂಗಳೂರಿನ ಬಯೋಕಾನ್ ತಂದ, 2013ರಲ್ಲಿ ಭಾರತದಲ್ಲಿ ಸೋರಿಯಾಸಿಸ್‌ಗೆ ಒಪ್ಪಿಗೆ ಪಡೆದ ಇಟೋಲಿಜುಮ್ಯಾಬ್ ಹಿಡಿಯುವುದು ಟಿ ಕೋಶದ ಸಿಡಿ6 ಅನ್ನು. ಅದರ ಜೊತೆಗಾರ ಅಣು ಅಲ್ಕ್ಯಾಮ್. ಇಂಥದ್ದನ್ನು ಪರೀಕ್ಷಿಸಲು ನ್ಯೂಟ್ರೋಫಿಲ್ ಚೇಂಬರ್ ಹಾಗೇ ಹೊಂದುವುದಿಲ್ಲ. ಟಿ ಕೋಶಕ್ಕೆ ವಿಕ್ಯಾಮ್-1 ಚೆನ್ನಾಗಿ ಏರಿದ ಗೋಡೆ ಬೇಕು, ಹಾಗಾಗಿ ಟಿಎನ್‌ಎಫ್ 4ರ ಬದಲು 18–24 ಗಂಟೆ ಇಡಬೇಕಾಗುತ್ತದೆ.

ಎಣಿಕೆಗೆ ಮುಂಚೆಯೇ ನಿಯಮ ಬರೆದಿಡಬೇಕು. 10 ಸೆಕೆಂಡಿನಲ್ಲಿ ತನ್ನ ವ್ಯಾಸಕ್ಕಿಂತ ಕಡಿಮೆ ಸರಿದದ್ದು ‘ನಿಂತದ್ದು’, ಹೆಚ್ಚು ಸರಿದರೂ ಹರಿವಿಗಿಂತ ನಿಧಾನವಾದದ್ದು ‘ಉರುಳುವುದು’. ವೀಡಿಯೋ ನೋಡಿದ ಮೇಲೆ ನಿಯಮ ಮಾಡಿದರೆ ನಿಯಮ ನಮಗೆ ಬೇಕಾದ ಕಡೆಗೇ ವಾಲುತ್ತದೆ. ಚಾನೆಲ್ಲಿನ ನಡುಭಾಗದಲ್ಲಿ ಹತ್ತು ಕಡೆ ಚಿತ್ರ ತೆಗೆಯಿರಿ, ಅಂಚಿನಲ್ಲಿ ಹರಿವು ನಿಧಾನ ಇರುವುದರಿಂದ ಅಲ್ಲಿ ಬೇಡ. ಆ ಹತ್ತನ್ನು ಹತ್ತು ಪ್ರಯೋಗ ಎಂದು ಲೆಕ್ಕ ಹಾಕುವಂತಿಲ್ಲ; ಒಬ್ಬ ದಾನಿಗೆ ಒಂದು ಅಂಕಿ. ದಾನಿಯಿಂದ ದಾನಿಗೆ ಎಣಿಕೆ ಬಹಳ ಏರುಪೇರಾಗುತ್ತದೆ, ಹಾಗಾಗಿ ಒಬ್ಬರ ಕಣಗಳನ್ನೇ ಒಂದೇ ಸ್ಲೈಡಿನ ಎಲ್ಲ ಚಾನೆಲ್ಲುಗಳಲ್ಲೂ ಹರಿಸಿ ಜೋಡಿ ಹೋಲಿಕೆ ಮಾಡಬೇಕು. ಚಾನೆಲ್ಲುಗಳ ಸರದಿಯನ್ನೂ ಪ್ರತಿ ಸಲ ಬದಲಿಸಬೇಕು, ಯಾಕೆಂದರೆ ಕೊನೆಯ ಚಾನೆಲ್ಲಿಗೆ ಹೋಗುವ ನ್ಯೂಟ್ರೋಫಿಲ್‌ಗೆ ಮೊದಲಿನದಕ್ಕಿಂತ ಒಂದು ಗಂಟೆ ವಯಸ್ಸು ಹೆಚ್ಚು.

ಟಿಎನ್‌ಎಫ್ ಹಾಕದ ಚಾನೆಲ್ಲಿನಲ್ಲೂ ಕಣಗಳು ಗುಂಪಾಗಿ ನಿಂತಿದ್ದರೆ ತಪ್ಪು ಗೋಡೆಯದೋ ಕಣದ್ದೋ ಎಂದು ಬಿಡಿಸಿಕೊಳ್ಳಬೇಕು. ಟ್ಯೂಬಿನಲ್ಲಿ ಉಳಿದ ನ್ಯೂಟ್ರೋಫಿಲ್‌ಗಳ ಒಂದು ಹನಿಯನ್ನು ಸ್ಲೈಡಿನ ಮೇಲೆ ನೋಡಿ. ಅಂಚು ನುಣುಪಾಗಿ ದುಂಡಗಿದ್ದರೆ ಕಣ ಶಾಂತ, ಒಂದು ಕಡೆ ಮೂತಿ ಚಾಚಿ ಉದ್ದವಾಗಿದ್ದರೆ ಅದು ಚೇಂಬರಿಗೆ ಬರುವ ಮೊದಲೇ ಕೆರಳಿದೆ. ಕಣ ಶಾಂತವಾಗಿದ್ದೂ ಅಂಟುತ್ತಿದ್ದರೆ, ಇ-ಸೆಲೆಕ್ಟಿನ್ ತಡೆದಾಗ ಅಂಟುವುದು ನಿಂತರೆ, ಗೋಡೆಗೆ ಎಂಡೋಟಾಕ್ಸಿನ್ ತಗಲಿದೆ ಎಂದೇ ಹೇಳಬಹುದು. ಆಗ ಮೀಡಿಯಂ, ಸೀರಂ, ಬಫರಿಗೆ ಹಾಕಿದ ಆಲ್ಬುಮಿನ್ ಮೂರನ್ನೂ ಎಂಡೋಟಾಕ್ಸಿನ್ ಪತ್ತೆಹಚ್ಚುವ ಲಿಮುಲಸ್ ಪರೀಕ್ಷೆಗೆ ಕೊಡಬೇಕು. ಅಗ್ಗದ ಆಲ್ಬುಮಿನ್ ಪುಡಿಯೇ ಸಿಕ್ಕಿಬೀಳುವುದು ಹೆಚ್ಚು. ಸಿಲಿಕೋನ್ ಟ್ಯೂಬನ್ನು ತೊಳೆದು ಮತ್ತೆ ಬಳಸುವ ಉಳಿತಾಯವೂ ಬೇಡ: ಒಳಗೆ ನಿಂತ ನೀರಿನಲ್ಲಿ ರಾತ್ರಿ ಕಳೆಯುವುದರೊಳಗೆ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಆಟೋಕ್ಲೇವ್ ಅವನ್ನು ಕೊಲ್ಲುತ್ತದೆಯೇ ಹೊರತು ಅವುಗಳ ಎಂಡೋಟಾಕ್ಸಿನ್ನನ್ನು ನಾಶ ಮಾಡುವುದಿಲ್ಲ.